ಕಂಬಳಿ ಕೊಟ್ಟಿದ್ದು ಸಾಕು, ಪಟ್ಟಾ ಕೊಡಿಸಿ

"ಅಕ್ಕಿ ಕೊಟ್ಟು ಜಾತಿ ಕೆಡಿಸ್ತಾರ" ಅನ್ನುವ ಮಾತನ್ನು ಐರಣಿಯ ಕಟ್ಟೆಯ ಮೇಲೂ ಕೇಳುತ್ತೇವೆ, ರಾಣೆಬೆನ್ನೂರಿನ ಚಹಾದಂಗಡಿಯಲ್ಲೂ ಕೇಳುತ್ತೇವೆ. ಕ್ರೈಸ್ತರು ಬೆಟ್ಟದ ಊರಿಗೆ ಹೋಗುವುದು ಮತಾಂತರಕ್ಕೆ, ಬಡವರು ಚರ್ಚಿಗೆ ಹೋಗುವುದು ಹೊಟ್ಟೆಗೆ ಎಂದು ತೀರ್ಪು ಕೊಡುವವರು ಒಮ್ಮೆ ಹಾನಗಲ್ ದಾಟಿ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿ ಕೇರಿಗಳಿಗೆ ಹೋಗಿ ಬರಲಿ.

ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದ ಆಫ್ರಿಕದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟ ಸೇರಿದರು. ಇಂದಿನ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಚರ್ಚಿಗೆ ಹೋದರೆ ಹೊಟ್ಟೆ ತುಂಬುವುದಾದರೆ ಕ್ರೈಸ್ತ ಸಿದ್ದಿ ಇಷ್ಟೊತ್ತಿಗೆ ಸಾಹುಕಾರನಾಗಬೇಕಿತ್ತು. ಅವನೂ ಉಳಿದವರ ಹಾಗೆ ಕೂಲಿಗೆ ಹೋಗುತ್ತಾನೆ. ಕಾರಣ ಸರಳ: ಮೂರೂ ಮತದವರು ಉಳುವ ನೆಲ ಅರಣ್ಯ ಇಲಾಖೆಯ ಹೆಸರಿನಲ್ಲಿದೆ.

ದಲಿತರ ವಿಷಯದಲ್ಲಂತೂ ಈ ಅಕ್ಕಿ ಲೆಕ್ಕ ತಲೆಕೆಳಗು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವೇ ಇಲ್ಲ. ಮೀಸಲಾತಿ ಬಿಟ್ಟುಕೊಟ್ಟು ಒಂದು ಮೂಟೆ ಅಕ್ಕಿ ತರುವಷ್ಟು ದಡ್ಡರೇ ನಮ್ಮ ಜನ? 2022ರ ಮತಾಂತರ ಕಾಯ್ದೆ ಇನ್ನೂ ಮುಂದೆ ಹೋಯಿತು. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಓದಿಸುವುದನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಸಿದ್ಧಗಂಗೆಯಲ್ಲಿ ಪುಕ್ಕಟೆ ಉಂಡು ಓದಿ ಬಂದವರು ನಮ್ಮ ಊರುಗಳಲ್ಲೂ ಇದ್ದಾರೆ. ಅದು ದಾಸೋಹ. ಪಾದ್ರಿ ಮಾಡಿದರೆ ಆಮಿಷ!

ಹಾಗಂತ ಚರ್ಚಿನವರನ್ನು ಸುಮ್ಮನೆ ಬಿಡುವವರೂ ನಾವಲ್ಲ. ಡಿಸೆಂಬರ್ ಚಳಿಗೆ ಕಂಬಳಿ ಹಂಚಿ, ಫೋಟೋ ಹೊಡೆಸಿಕೊಂಡು, ಸಂಜೆಯೊಳಗೆ ಘಟ್ಟ ಇಳಿಯುವ ತಂಡಗಳಿವೆಯಲ್ಲ, ಅವರ ಬೈಬಲಿನಲ್ಲೇ ಯಾಕೋಬನ ಪತ್ರ ಇದೆ. ಹಸಿದವನಿಗೆ ಬರೀ ಹಾರೈಕೆ ಹೇಳಿ ಕಳಿಸುವ ನಂಬಿಕೆಗೆ ಜೀವವಿಲ್ಲ ಎಂಬುದು ಅದರ ತಾತ್ಪರ್ಯ. ಒಂದು ಕಂಬಳಿ ಮೂರು ಮಳೆಗಾಲ ಬಂದರೆ ಹೆಚ್ಚು. ಬೇರೆ ದಾರಿ ಅವರಿಗೆ ಗೊತ್ತಿಲ್ಲದ್ದೇನಲ್ಲ. ಕನ್ನಡದ ಮೊದಲ ಪತ್ರಿಕೆ ನಡೆಸಿದ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿನ ಜೀತದ ಹೊಲೆಯರಿಗಾಗಿ ಆನಂದಪುರ ಅನ್ನುವ ಊರನ್ನೇ ಕಟ್ಟಿದರು. ಮುಂಡಗೋಡದ ಲೊಯೊಲ ವಿಕಾಸ ಕೇಂದ್ರದ ಜೆಸ್ವಿಟ್ ಪಾದ್ರಿಗಳು ಸಿದ್ದಿಗಳ ಜೊತೆಗೆ ಗೌಳಿ, ಲಂಬಾಣಿಗಳ ನಡುವೆಯೂ ಕೆಲಸ ಮಾಡಿದ್ದಾರೆ. ಗೌಳಿಗಳು ಹಿಂದೂಗಳು.

ಈಗ ಕಾಗದದ ವಿಷಯಕ್ಕೆ ಬರೋಣ, ಜಗಳ ಇರುವುದೇ ಅಲ್ಲಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಮತ ಯಾವುದೆಂದು ಕೇಳದೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಅದರ ಬೆಲೆ ತಿಳಿದದ್ದು 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ. ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ನೆಲದಲ್ಲಿ ಇದ್ದೆವೆಂದು ತೋರಿಸಿದರೆ ಸಾಕು, ನಾಲ್ಕು ಹೆಕ್ಟೇರ್‌ವರೆಗೆ ಹಕ್ಕು ಕೇಳಬಹುದು. ಪಕ್ಕದಲ್ಲೇ ಎಮ್ಮೆ ಕಟ್ಟಿಕೊಂಡಿರುವ ಗೌಳಿ ಪಂಗಡದ ಪಟ್ಟಿಯಲ್ಲಿಲ್ಲ. ಅವನು ಮೂರು ತಲೆಮಾರು, ಅಂದರೆ 75 ವರ್ಷದ ಪುರಾವೆ ತರಬೇಕು. ಎಮ್ಮೆ ಹೊಡೆದುಕೊಂಡು ಕಾಡಿಗೆ ಬಂದ ಅಜ್ಜನಿಗೆ ಆಗ ಯಾರು ರಸೀದಿ ಕೊಟ್ಟಿದ್ದರು?

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಮಾತಿದೆ. ಕಾಯ್ದೆಯ ನಿಯಮದಲ್ಲಿ ಊರಿನ ಹಿರಿಯರ ಹೇಳಿಕೆಯನ್ನೂ ಪುರಾವೆ ಎಂದು ಒಪ್ಪುತ್ತಾರೆ. ಆ ಹಿರಿಯರು ಅರ್ಜಿದಾರರಾಗಿರಬಾರದು, ಹೇಳಿದ್ದು ಬರಹದಲ್ಲಿರಬೇಕು, ಅಷ್ಟೇ. ಅರ್ಜಿ ಮೊದಲು ಗ್ರಾಮಸಭೆಗೆ ಹೋಗುತ್ತದೆ. ತಿರಸ್ಕಾರವಾದರೆ ಮೇಲ್ಮನವಿಗೆ 60 ದಿನ. ತಿರಸ್ಕಾರದ ಪತ್ರ ಓದಿ ಹೇಳುವವರಿಲ್ಲದ ಮನೆಯಲ್ಲಿ ಆ 60 ದಿನ ಹೇಗೆ ಕಳೆಯುತ್ತವೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈ ಕ್ರಿಸ್‌ಮಸ್‌ಗೆ ಬೆಟ್ಟ ಹತ್ತುವ ತಂಡಗಳೇ, ಕಂಬಳಿ ಒಯ್ಯಿರಿ, ಬೇಡ ಅನ್ನುವುದಿಲ್ಲ. ಜೊತೆಗೆ ಕನ್ನಡ ಬರೆಯಬಲ್ಲ ಇಬ್ಬರನ್ನು ಕರೆದೊಯ್ದು ಒಂದು ವಾರ ಅಲ್ಲೇ ಬಿಟ್ಟು ಬನ್ನಿ. ಸಿದ್ದಿ ಮುದುಕಿಯ ಮಾತನ್ನೂ ಗೌಳಿ ಮುದುಕನ ಮಾತನ್ನೂ ಅವರು ಬರೆದುಕೊಳ್ಳಲಿ. ನಮ್ಮ ಮಠದವರು ಇದನ್ನೇ ಮೊದಲು ಮಾಡಿದರೆ ಅವರ ಸುದ್ದಿಯನ್ನೂ ಇದೇ ಪುಟದಲ್ಲಿ ಹಾಕುತ್ತೇವೆ.