ಹಳೆಯದಕ್ಕೆ ಬೆಲೆ ಕಟ್ಟುವ ವಿದ್ಯೆ

ಇಟಲಿಯ ಪಿಯೆಮಾಂಟೆ ಪ್ರಾಂತದಲ್ಲಿ, ಆಲ್ಬಾ ಪಟ್ಟಣದ ದಕ್ಷಿಣಕ್ಕಿರುವ ಗುಡ್ಡಗಳ ಮೇಲೆ ಬೆಳೆಯುವ ನೆಬ್ಬಿಯೋಲೋ ದ್ರಾಕ್ಷಿಯಿಂದ ತಯಾರಾಗುವ ಬರೋಲೋ ಎಂಬ ಕೆಂಪು ವೈನು, ಕೊಯ್ಲಾದ ವರ್ಷದ ನವೆಂಬರ್ 1ರಿಂದ ಎಣಿಸಿ 38 ತಿಂಗಳ ಕಾಲ, ಅದರಲ್ಲಿಯೂ 18 ತಿಂಗಳು ಮರದ ಪೀಪಾಯಿಯೊಳಗೆ, ಪಕ್ವಗೊಳ್ಳದ ಹೊರತು ಮಾರುಕಟ್ಟೆಗೆ ಬರಕೂಡದೆಂಬುದು ಆ ದೇಶದ ಶಾಸನ. 'ರಿಸೆರ್ವಾ' ಎಂದು ಕರೆಯಿಸಿಕೊಳ್ಳಬೇಕಾದರೆ 62 ತಿಂಗಳು ಕಳೆಯಬೇಕು. ಎಳೆಯದಾಗಿದ್ದಾಗ ನಾಲಗೆಯನ್ನು ಹಿಡಿದು ಬಿಗಿಯುವ ಅದರ ಒಗರು ವರ್ಷಗಳುರುಳಿದಂತೆ ಸೌಮ್ಯವಾಗಿ, ಒಂದಂಶ ಗಷ್ಟಾಗಿ ಸೀಸೆಯ ತಳವನ್ನು ಸೇರುವುದರಿಂದ, ಬಲ್ಲವರು ಸೀಸೆಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಟ್ಟು, ತಳ ಕದಡದಂತೆ ಮೆಲ್ಲನೆ ಬಗ್ಗಿಸುವರು. ಪರೀಕ್ಷಕನು ಲೋಟವನ್ನು ಬಿಳಿಯ ವಸ್ತ್ರದ ಮುಂದೆ ಓರೆಯಾಗಿ ಹಿಡಿದು, ಅಂಚಿನಲ್ಲಿ ಮಾಣಿಕ್ಯದ ಕೆಂಪು ಇಳಿದು ಇಟ್ಟಿಗೆಯ ಛಾಯೆ ಮೂಡಿದೆಯೇ ಎಂದು ನೋಡುವನು. ಬಾಡಿದ ಗುಲಾಬಿಯ ಮತ್ತು ಡಾಂಬರಿನ ಗಂಧಗಳನ್ನು ಅರಸುವನು. ಕಟ್ಟಕಡೆಗೆ ಬಾಯಲ್ಲಿರಿಸಿಕೊಂಡು, ಒಗರು ಪೂರ್ತಿ ಸತ್ತಿದೆಯೇ ಅಥವಾ ರಸವನ್ನು ಎತ್ತಿಹಿಡಿಯುವಷ್ಟು ಉಳಿದಿದೆಯೇ ಎಂಬುದನ್ನು ನಿರ್ಣಯಿಸುವನು.

ಶಿರಾಡಿ ಘಾಟಿಯ ಬುಡಕ್ಕೆ ಸಮೀಪವಾದ ನೆಲ್ಯಾಡಿಯ ಕೃಷಿಕನಿಗೆ ಈ ವಿದ್ಯೆ ಪರಕೀಯವೆಂದು ನಾನು ಒಪ್ಪಲಾರೆ. ಎಳೆಯಡಿಕೆಯ ಒಗರು ಬಲಿತಂತೆ ಇಳಿಯುವುದನ್ನು ಅವನ ನಾಲಗೆ ಬಾಲ್ಯದಿಂದಲೇ ಬಲ್ಲುದು. ಅಂಗಳದಲ್ಲಿ ಸುಮಾರು ನಲವತ್ತು ದಿನ ಬಿಸಿಲುಂಡ, ಚಾಲಿ ಎನ್ನಿಸಿಕೊಳ್ಳುವ ಒಣ ಅಡಿಕೆಯನ್ನು, ಗೋಡೆಯೇ ಬೆವರುವ ನಮ್ಮ ಆಷಾಢ ಶ್ರಾವಣಗಳಲ್ಲಿ ಬೂಸ್ಟು ತಗಲದಂತೆ ಕಾಪಾಡಿ, ಹೊಸತನ್ನು ಹಳತಾಗಿಸಿ, ಸಿಂಗಲ್ ಚೋಲ್, ಡಬಲ್ ಚೋಲ್ ಎಂಬ ಹಳೆಯಡಿಕೆಯ ದರ್ಜೆಗಳಿಗೆ ಅರ್ಹವಾಗಿಸುವ ಶ್ರಮ ಪೀಪಾಯಿಯ ಕಾವಲಿಗಿಂತ ಕಿರಿದಲ್ಲ. ಕೊಳ್ಳುವವನು ಗೋಣಿಯ ಒಡಲಿನಿಂದ ಒಂದು ಹಿಡಿ ತೆಗೆದು ನೆಲದ ಮೇಲೆ ಸುರಿದು, ಸದ್ದಿನಲ್ಲಿಯೇ ಅದರ ಒಣಗನ್ನು ಅಳೆಯುವನು. ಒಂದನ್ನು ಆರಿಸಿ ಕತ್ತರಿಯಿಂದ ಇಬ್ಭಾಗ ಮಾಡಿ, ಬಿಳಿಯ ತಿರುಳಿನಲ್ಲಿ ಕಂದು ಗೆರೆಗಳು ಸ್ವಚ್ಛವಾಗಿ ಹರಿದಿವೆಯೇ, ನಡುವೆ ಟೊಳ್ಳಿದೆಯೇ, ಹುಳು ಕೊರೆದಿದೆಯೇ ಎಂದು ಕಣ್ಣಾಡಿಸಿ, ಕ್ಷಣಾರ್ಧದಲ್ಲಿ ಇದು ಚೋಲ್, ಇದು ಪಟೋರ, ಇದು ಕರಿಗೋಟು ಎಂದು ದರ್ಜೆಯ ತೀರ್ಪು ಕೊಡುವನು.

ಆ ಕಣ್ಣಿನ ನೈಪುಣ್ಯವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಇಟಲಿಯಲ್ಲಿ ಬರೋಲೋದಂತಹ ಉಚ್ಚ ವರ್ಗದ ವೈನು ಸೀಸೆಯ ಕತ್ತಿನ ಮೇಲೆ ಸಂಖ್ಯೆಯುಳ್ಳ ಪಟ್ಟಿಯನ್ನು ಧರಿಸುವ ಮುನ್ನ ರಾಸಾಯನಿಕ ವಿಶ್ಲೇಷಣೆಗೂ, ರುಚಿ ನೋಡುವ ಒಂದು ಮಂಡಳಿಯ ಪರೀಕ್ಷೆಗೂ ಒಳಗಾಗಬೇಕು. ಆ ಪರೀಕ್ಷೆಯ ಲಕ್ಷಣಗಳು ಬರಹದಲ್ಲಿವೆ, ಬೆಳೆಗಾರನೂ ಅವನ್ನು ಓದಬಲ್ಲನು. ನಮ್ಮಲ್ಲಿ ತೀರ್ಪು ಕೊಳ್ಳುವವನ ಬಾಯಿಂದ ಬರುತ್ತದೆ, ಕಾರಣ ಅವನ ಮನಸ್ಸಿನಲ್ಲಿಯೇ ಉಳಿಯುತ್ತದೆ. ಒಂದು ದರ್ಜೆ ಕೆಳಗಿಳಿದ ಚೀಲದೊಡನೆ ವರ್ಷವಿಡೀ ಕಾದ ಒಂದು ಸಂಸಾರದ ಲೆಕ್ಕವೇ ಕೆಳಗಿಳಿಯುತ್ತದೆ.

ಮಧ್ಯವರ್ತಿಗಳ ಕೈಯಲ್ಲಿ ಬೆಲೆ ಬಿದ್ದು ಬೆಳೆಗಾರರು ತತ್ತರಿಸಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋ ಹುಟ್ಟಿದ್ದು ಬೆಲೆಯನ್ನು ಬೆಳೆದವನ ಕೈಗೆ ಮರಳಿಸುವುದಕ್ಕಾಗಿ. ಆ ಕಾರ್ಯದ ಮುಂದಿನ ಹೆಜ್ಜೆ ಪರೀಕ್ಷೆಯ ವಿದ್ಯೆಯನ್ನೂ ಅವನಿಗೆ ಕಲಿಸುವುದು. ಸಹಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಂದು ಖರೀದಿ ಕೇಂದ್ರದಲ್ಲಿಯೂ ಆಯಾ ದರ್ಜೆಯ ಅಡಿಕೆಯನ್ನು ಸೀಳಿ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲರಿಗೂ ಕಾಣುವಂತೆ ಇರಿಸಬೇಕು. ದರ್ಜೆ ಇಳಿಸಿದಾಗ ಅದರ ಕಾರಣವನ್ನು ಚೀಟಿಯಲ್ಲಿ ಬರೆದುಕೊಡಬೇಕು. ಒಪ್ಪದ ಬೆಳೆಗಾರನಿಗೆ ಮತ್ತೊಬ್ಬ ಪರೀಕ್ಷಕನ ಮುಂದೆ ಅದೇ ಚೀಲವನ್ನು ಬಿಚ್ಚಿಸುವ ಹಕ್ಕಿರಬೇಕು.