ಹಳೆಯ ಬೇಲರ್, ಹೊಸ ರೈತ

ಅಕ್ಕನ ಮಗ ಬೆಂಗಳೂರಿನ ಕೆಲಸ ಬಿಟ್ಟು, ಭದ್ರಾ ನಾಲೆಯ ಮೂರೂವರೆ ಎಕರೆ ಗದ್ದೆಗೆ ಬಂದ. ಬಂದ ತಿಂಗಳಿಗೇ, "ಮಾವ, ಹುಲ್ಲಿನ ಪೆಂಡಿ ಕಟ್ಟೋ ಮಷಿನ್ ಸೆಕೆಂಡ್ ಹ್ಯಾಂಡ್ ಸಿಗ್ತೈತೆ, ಎರಡು ಲಕ್ಷಕ್ಕೆ. ನೋಡ್ಕೊಂಡ್ ಬರಾಣ ಬಾ" ಅಂದ.

ಹೋದೆವು. ಬೇಲರ್‌ಗೆ ಹೊಸ ಬಣ್ಣ ಹೊಡೆದಿದ್ದರು. ಜತೆಗೆ ಬಂದ ಮೇಸ್ತ್ರಿ ಆ ಬಣ್ಣವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಚೈನ್ ಕಳಚಿ, ರೋಲರ್ ಒಂದೊಂದನ್ನೇ ಕೈಯಲ್ಲಿ ತಿರುಗಿಸುತ್ತ ಕಿವಿಗೊಟ್ಟ. ಮೂರನೆಯದರ ಬೇರಿಂಗ್ ಮರಳು ಅರೆದಂತೆ ಕರಕರ ಅಂದಿತು. ಪಕ್ಕದ ತಗಡನ್ನು ಉಗುರಿನಲ್ಲಿ ಕೆರೆದ. ಬಣ್ಣದಡಿ ಗೇಣುದ್ದದ ವೆಲ್ಡಿಂಗ್ ಇತ್ತು. "ಗದ್ದೇಲಿ ಅರ್ಧ ದಿನ ಓಡಿಸಿ ತೋರ್ಸಿ" ಎಂದು ಕೇಳಿದ್ದಕ್ಕೆ ಮಾರುವವನು ಒಪ್ಪಲಿಲ್ಲ. ವಾಪಸು ಬಂದೆವು.

ಹಳೆಯ ಯಂತ್ರ ಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ರಿಪೇರಿ ಬಲ್ಲವನಿಗೆ, ಕೈಯಲ್ಲಿ ಸ್ವಂತ ದುಡ್ಡಿರುವವನಿಗೆ, ಹೊಸದಕ್ಕಿಂತ ಅದೇ ಮೇಲು. ಆದರೆ ಬೇಸಾಯಕ್ಕೆ ಈಗಷ್ಟೇ ಇಳಿದವನು ಸಾಲ ಮಾಡಿ ಅದನ್ನು ಕೊಂಡರೆ, ತನಗೆ ಗೊತ್ತಿಲ್ಲದಂತೆಯೇ ಇನ್ನೊಂದು ಕಸುಬಿಗೆ ತಲೆಕೊಡುತ್ತಾನೆ.

ಲೆಕ್ಕ ಹಾಕಿ ನೋಡೋಣ. ಪೆಂಡಿಗೆ 35 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ಡೀಸೆಲ್, ದಾರ, ಡ್ರೈವರ್, ಆಳು ಎಲ್ಲಾ ಕಳೆದು 15 ಉಳಿಯಲಿ. ಎರಡು ಲಕ್ಷಕ್ಕೆ ನೂರಕ್ಕೆ 15ರ ಬಡ್ಡಿಯೆಂದರೆ ಮೊದಲ ವರ್ಷ 30,000. ನಾಲ್ಕು ವರ್ಷದಲ್ಲಿ ತೀರಿಸುವುದಾದರೆ ಅಸಲಿಗೆ 50,000, ಬೇರಿಂಗು ಚೈನುಗಳಿಗೆ 15,000. ಒಟ್ಟು 95,000, ಅಂದರೆ ಆರು ಸಾವಿರಕ್ಕೂ ಹೆಚ್ಚು ಪೆಂಡಿ. ಎಕರೆಗೆ 40 ಪೆಂಡಿಯಂತೆ 158 ಎಕರೆ. ಅದೂ ಟ್ರ್ಯಾಕ್ಟರ್ ಮನೆಯದೇ ಆಗಿದ್ದರೆ. 2015-16ರ ಕೃಷಿ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಮೂರು ಎಕರೆ ಚಿಲ್ಲರೆ. ಅಷ್ಟು ಗದ್ದೆಯ ಹುಲ್ಲನ್ನು ಬೇಲರ್ ಅರ್ಧ ದಿನದಲ್ಲಿ ಕಟ್ಟಿ ಮುಗಿಸುತ್ತದೆ. ಉಳಿದ 150 ಎಕರೆಗೆ ಊರೂರು ಅಲೆಯಬೇಕು, ಬಾಡಿಗೆ ವಸೂಲಿಗೆ ಮತ್ತೆ ಅಲೆಯಬೇಕು. ಆಗದ ಕೆಲಸವೇನಲ್ಲ, ಅದರಲ್ಲೇ ಬದುಕು ಕಟ್ಟಿಕೊಂಡವರಿದ್ದಾರೆ. ಆದರೆ ಸುಗ್ಗಿಯ ಆ ಹದಿನೈದು ಇಪ್ಪತ್ತು ದಿನ ಅವನು ತನ್ನ ಗದ್ದೆಯಲ್ಲಿರುವುದಿಲ್ಲ. ಗದ್ದೆಗೆಂದೇ ಅಲ್ಲವೇ ಅವನು ಕೆಲಸ ಬಿಟ್ಟು ಬಂದದ್ದು?

ಬಾಡಿಗೆ ಮಷಿನ್ ಬೇಕಾದ ದಿನ ಬರುವುದಿಲ್ಲ ಎಂಬ ವಾದವಿದೆ. ಇದು ಗಟ್ಟಿ ವಾದ. ಹಾರ್ವೆಸ್ಟರ್ ಹಾದುಹೋದ ಮೇಲೆ ಸಾಲಾಗಿ ಬಿದ್ದ ಹುಲ್ಲು ಯಾರಿಗೂ ಕಾಯುವುದಿಲ್ಲ. 2021ರ ನವೆಂಬರ್ ಮಳೆಯಲ್ಲಿ ಕೊಯ್ದ ಭತ್ತವೇ ಗದ್ದೆಯಲ್ಲಿ ಮೊಳಕೆಯೊಡೆದದ್ದನ್ನು ಕಂಡವರು ಈ ಭಯವನ್ನು ಸುಳ್ಳೆನ್ನಲಾರರು. ಆದರೂ ಒಂದು ಬೆಳೆಯ ಹುಲ್ಲು ಹೋದರೆ ಆ ನಷ್ಟ ಅಲ್ಲಿಗೇ ನಿಲ್ಲುತ್ತದೆ, ಕಂತು ಮಾತ್ರ ಮಳೆ ಬಂದ ವರ್ಷವೂ ಬರುತ್ತದೆ.

ಸಾಲದ ಕಥೆ ಇನ್ನೂ ಕಠಿಣ. ಸಹಕಾರ ಸಂಘಗಳಲ್ಲಿ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು ಸರ್ಕಾರ 2023ರಲ್ಲಿ ಐದು ಲಕ್ಷಕ್ಕೆ ಏರಿಸಿತು. ನಮ್ಮ ಹುಡುಗನಿಗೆ ಅದು ದಕ್ಕಲಿಲ್ಲ, ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಸಬ್ಸಿಡಿ ಸಿಗುವುದು ಹೊಸ ಯಂತ್ರಕ್ಕೆ. ಹೀಗೆ ಕೈಯಲ್ಲಿ ಕಾಸಿಲ್ಲದವನೇ ಹಳೆಯ ಯಂತ್ರಕ್ಕೆ ದುಬಾರಿ ಬಡ್ಡಿ ತೆರಬೇಕಾಗುತ್ತದೆ. ಇದು ಅನ್ಯಾಯ. ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳು ಸುಗ್ಗಿಯಲ್ಲಿ ಹೇಳಿದ ದಿನಕ್ಕೆ ಯಂತ್ರ ಕಳಿಸುವಂತಾದರೆ ಇವನಂಥವರು ಸಾಲಕ್ಕೆ ಹೋಗಬೇಕಾಗಿಲ್ಲ. ಮೊದಲೆರಡು ವರ್ಷ ಬೇಕಾದದ್ದು ಬೀಜ, ಗೊಬ್ಬರ, ಕೂಲಿ, ಮನೆಯ ರೇಷನ್ನಿಗೆ ಕೈಯಲ್ಲೊಂದಿಷ್ಟು ದುಡ್ಡು. ಅದನ್ನು ಕಬ್ಬಿಣಕ್ಕೆ ಹಾಕಿಬಿಟ್ಟರೆ, ನಾಟಿಯ ಹೊತ್ತಿಗೆ ಮತ್ತೆ ಸಾಲದ ಬಾಗಿಲಿಗೇ ಹೋಗಬೇಕು.

ಈ ಸಲ ಅವನು ಬಾಡಿಗೆಗೇ ಕಟ್ಟಿಸಿದ. ಮಷಿನ್ ಹೇಳಿದ ದಿನಕ್ಕೆ ಬರಲಿಲ್ಲ, ಎರಡು ರಾತ್ರಿ ಇಬ್ಬನಿ ಬಿತ್ತು. ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ: ಕಾದದ್ದು ಎರಡು ದಿನ, ಬಣ್ಣ ಕೆಟ್ಟ ಪೆಂಡಿ ಹದಿನೆಂಟು. ಇನ್ನೂ ಮೂರು ಬೆಳೆ ಇದನ್ನೇ ಬರೆ, ಆಮೇಲೆ ಮೇಸ್ತ್ರಿಯನ್ನು ಕರೆಯೋಣ ಎಂದಿದ್ದೇನೆ.