ಮೊದಲು ತುಕ್ಕು ನೋಡಿ, ಎಂಜಿನ್ ಆಮೇಲೆ: ಹಳೇ ಪೋರ್ಷೆ 914 ಕೊಳ್ಳೋ ಆಸೆ ಇರೋರಿಗೆ

1/7
ಮೊದಲ ಫೋಟೋದಲ್ಲಿರೋ ಕಿತ್ತಳೆ ಬಣ್ಣದ ಕಾರು ನನ್ನದಲ್ಲ ಕಣ್ರೋ. ಸ್ಟೋರಿ ಹಾಕಿದ ದಿನ ಅರ್ಧ ಬ್ಯಾಚು "ಪಾರ್ಟಿ ಯಾವಾಗ ಗುರು" ಅಂತ ಮೆಸೇಜ್ ಮಾಡಿದ್ರಿ, ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಅದನ್ನು ಕೊಳ್ಳೋಕೆ ಮಿಷಿಗನ್‌ನಿಂದ ನಾಲ್ಕು ಗಂಟೆ ಡ್ರೈವ್ ಮಾಡ್ಕೊಂಡು ಹೋಗಿದ್ದೆ, ಕೊಳ್ಳದೆ ವಾಪಸ್ ಬಂದೆ. ಕೊನೇ ಫೋಟೋದಲ್ಲಿರೋ ಬಣ್ಣ ಹೋದ ಕಾರು ಇದೆಯಲ್ಲ, ಅದು ನನ್ನದು. ಚೆಂದದ್ದನ್ನು ಬಿಟ್ಟು ಇದಕ್ಕೆ ಯಾಕೆ ಜಾಸ್ತಿ ದುಡ್ಡು ಕೊಟ್ಟೆ ಅನ್ನೋದೇ ಈ ಸಲದ ಸರಣಿ.

ನಮ್ಮ ಮೆಕ್ಯಾನಿಕಲ್ ಬ್ಯಾಚಿನವರು ಈಗ ಟೊರಾಂಟೊ, ಸ್ಟುಟ್‌ಗಾರ್ಟ್, ನ್ಯೂಜೆರ್ಸಿ ಅಂತ ಹರಡಿಕೊಂಡಿದ್ದೀರಿ. ಲೋನ್ ಕಂತು ಕಟ್ಟಿ ಒಂದಿಷ್ಟು ದುಡ್ಡು ಉಳಿಯೋಕೆ ಶುರುವಾದ ಕೂಡಲೇ ಹಳೇ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯುತ್ತೆ. ಹಿಡೀಲಿ, ತಪ್ಪಿಲ್ಲ. ಆದರೆ ಎರಡು ವರ್ಷದ ಉಳಿತಾಯ ಒಂದೇ ಮಧ್ಯಾಹ್ನದಲ್ಲಿ ಹೋಗಬಹುದು. ನಂದು ಹೋಗೋದರಲ್ಲಿತ್ತು.

2/7
ಮೊದಲು ಕಾರಿನ ಪರಿಚಯ. ಪೋರ್ಷೆ 914 ಅನ್ನೋದು ಫೋಕ್ಸ್‌ವ್ಯಾಗನ್ ಮತ್ತು ಪೋರ್ಷೆ ಸೇರಿ ಮಾಡಿದ ಕಾರು. 1969ರಿಂದ 1976ರವರೆಗೆ ಸುಮಾರು 1,18,000 ಕಾರು ತಯಾರಾದವು, ಬಹುಪಾಲು ಅಮೆರಿಕಕ್ಕೇ ಬಂದವು. ಅದಕ್ಕೇ ಇಲ್ಲಿ ಇವತ್ತಿಗೂ ಸಿಗುತ್ತೆ. ಹೆಚ್ಚಿನವುಗಳಲ್ಲಿ ಇರೋದು ಫೋಕ್ಸ್‌ವ್ಯಾಗನ್‌ನ ನಾಲ್ಕು ಸಿಲಿಂಡರ್ ಎಂಜಿನ್, ಗಾಳಿಯಿಂದಲೇ ತಣ್ಣಗಾಗೋದು. ಆರು ಸಿಲಿಂಡರಿನ 914/6 ಆಗಿದ್ದು ಸುಮಾರು 3,300 ಮಾತ್ರ. 1970ರ ಲೆ ಮಾನ್ಸ್ ರೇಸಿನಲ್ಲಿ ಒಟ್ಟಾರೆ ಆರನೇ ಸ್ಥಾನ ಪಡೆದು ಜಿಟಿ ವಿಭಾಗ ಗೆದ್ದಿದ್ದು ಆ ಆರು ಸಿಲಿಂಡರಿನದು. ಅದರ ಬೆಲೆ ನಮ್ಮ ಕೈಗೆ ಎಟುಕಲ್ಲ, ಬಿಡಿ.

ಎಂಜಿನ್ ಕೂತಿರೋದು ಸೀಟಿನ ಬೆನ್ನಿಗೆ, ಹಿಂದಿನ ಚಕ್ರಗಳಿಗಿಂತ ಮುಂದೆ. ಎತ್ತಿನ ಗಾಡಿಗೆ ಚೀಲ ಹೇರುವಾಗ ಭಾರವನ್ನೆಲ್ಲ ನೊಗದ ಕಡೆಗೋ ಬಾಲದ ಕಡೆಗೋ ಹಾಕದೆ ಅಚ್ಚಿನ ಸುತ್ತ ಕೂರಿಸ್ತಾರಲ್ಲ, ಹೆಚ್ಚು ಕಮ್ಮಿ ಅದೇ ಲೆಕ್ಕ. ಭಾರ ಮಧ್ಯದಲ್ಲಿದ್ದರೆ ಕಾರು ತಿರುವಿನಲ್ಲಿ ಚುರುಕಾಗಿ ತಿರುಗುತ್ತೆ. ಆದರೆ ಸ್ಪೀಡಿಗೋಸ್ಕರ ಇದನ್ನು ಕೊಳ್ಳಬೇಡಿ. 1.7 ಲೀಟರ್ ಎಂಜಿನ್ನಿನ ಶಕ್ತಿ 80 ಕುದುರೆ. ಸಿಗ್ನಲ್‌ನಲ್ಲಿ ಈಗಿನ ಯಾವುದೇ ಹ್ಯಾಚ್‌ಬ್ಯಾಕ್ ನಿಮ್ಮನ್ನು ಹಿಂದೆ ಹಾಕುತ್ತೆ.

3/7
ಈಗ ಕಿತ್ತಳೆ ಕಾರಿನ ಕಥೆ. 1973ರ ಮಾಡೆಲ್, ಕೇಳಿದ್ದು 8,500 ಡಾಲರ್. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯ್ತು. ಪೇಂಟ್ ಮಿರಮಿರ ಮಿಂಚ್ತಿತ್ತು. ಕೈ ಜೇಬಿಗೇ ಹೋಗಿತ್ತು.

ದಾವಣಗೆರೆಯಲ್ಲಿ ನಮ್ಮ ಸೋದರಮಾವನ ಟಿಂಕರಿಂಗ್ ಶಾಪ್ ಇರೋದು ನಿಮಗೆ ಗೊತ್ತಲ್ಲ, ಪ್ರಾಜೆಕ್ಟಿಗೆ ಶೀಟ್ ಮೆಟಲ್ ಅಲ್ಲಿಂದಲೇ ತರ್ತಿದ್ದೆವು. ಖುಷಿಗೆ ಮಾವನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ರಾತ್ರಿ ಹನ್ನೊಂದೂವರೆ. ಮಾವ ಕಾರಿನ ಹೆಸರೂ ಕೇಳಲಿಲ್ಲ. "ಆಯಸ್ಕಾಂತ ಐತಾ ನಿನ್ ಹತ್ರ?" ಅಂದ್ರು. ಇತ್ತು. "ಬಾಗಿಲ ಕೆಳಗೆ ಹಿಡಿ" ಅಂದ್ರು. ಹಿಡಿದೆ. ಅಂಟಲಿಲ್ಲ, ಜಾರಿ ಕೆಳಗೆ ಬಿತ್ತು. "ಪುಟ್ಟಿ ತುಂಬವ್ರೆ. ಒಳಗೆ ತಗಡೇ ಇಲ್ಲ. ಎಂಜಿನ್ ಆದ್ರೆ ಬಿಚ್ಚಿ ಮಾಡ್ಬೋದಪ್ಪಾ, ಬಾಡಿ ಹೋದ್ರೆ ಏನು ಬಿಚ್ತೀಯ?"

ನನ್ನ ಇಡೀ ಅಭಿಪ್ರಾಯ ಇದೇ. ಹಳೇ ಮಿಡ್-ಎಂಜಿನ್ ಕಾರು ಕೊಳ್ಳುವಾಗ ದುಡ್ಡು ಕೊಡಬೇಕಾದ್ದು ಗಟ್ಟಿ ಬಾಡಿಗೆ. ಎಂಜಿನ್, ಪೇಂಟ್, ಸೀಟು ಎಲ್ಲಾ ಆಮೇಲಿನ ಮಾತು.

4/7
ಯಾಕೆ ಅಂತ ಕೇಳಿ. 914ಕ್ಕೆ ಮೇಲ್ಛಾವಣಿ ತೆಗೆದಿಡಬಹುದು, ಅಂದ್ರೆ ಛಾವಣಿಯಿಂದ ಬಾಡಿಗೆ ಬಲ ಸಿಗಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗೋ ಎರಡು ಪೆಟ್ಟಿಗೆಯಂಥ ತೊಲೆಗಳೇ ಕಾರನ್ನು ಹೊತ್ತಿರೋದು. ಅವು ತುಕ್ಕು ತಿಂದರೆ ಕಾರು ನಡುವೆ ಬಾಗುತ್ತೆ.

ಎಲ್ಲಿ ನೋಡಬೇಕು:

• ಬ್ಯಾಟರಿ ಕೆಳಗೆ. ಬ್ಯಾಟರಿ ಇರೋದು ಎಂಜಿನ್ ಜಾಗದ ಬಲಗಡೆ. ಮೇಲಿನ ಜಾಲರಿಯಿಂದ ಮಳೆ ನೀರು ಬೀಳುತ್ತೆ, ಬ್ಯಾಟರಿಯಿಂದ ಆಸಿಡ್ ಸೋರುತ್ತೆ. ಎರಡೂ ಸೇರಿ ಕೆಳಗಿನ ತೊಲೆಗೂ ಹಿಂದಿನ ಬಲ ಸಸ್ಪೆನ್ಷನ್ ಕೂತಿರೋ ಜಾಗಕ್ಕೂ ಇಳಿಯುತ್ತೆ. ಈ ಮೂಲೆಯನ್ನು ಇಲ್ಲಿನ ಮಾಲೀಕರು 'ಹೆಲ್ ಹೋಲ್' ಅಂತಲೇ ಕರೀತಾರೆ. ಟಾರ್ಚ್ ಬಿಟ್ಟು ನೋಡಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಅನ್ನುತ್ತೆ.

• ಬಾಗಿಲ ಸಂದು. ಛಾವಣಿ ತೆಗೆದು ಎರಡೂ ಬಾಗಿಲು ತೆರೆದು ಹಾಕಿ. ಬಾಗಿಲ ಹಿಂಬದಿಯ ಸಂದು ಕೆಳಗೆ ಅಗಲ, ಮೇಲೆ ಕಿರಿದಾಗಿದ್ದರೆ ನಡು ಬಾಗಿದೆ ಅಂತ ಅನುಮಾನಪಡಿ.

• ಕಾರ್ಪೆಟ್ ಎತ್ತಿ ಫ್ಲೋರ್ ನೋಡಿ. ಎರಡೂ ಡಿಕ್ಕಿ ತೆಗೆದು ನೋಡಿ. ಹೌದು, ಇದಕ್ಕೆ ಮುಂದೊಂದು, ಹಿಂದೊಂದು ಡಿಕ್ಕಿ.

• ಚಾಸಿ ನಂಬರ್. ಬಾಡಿ ಮೇಲಿರೋದು, ಪ್ಲೇಟಿನಲ್ಲಿರೋದು, ಕಾಗದದಲ್ಲಿರೋದು ಒಂದೇ ಇರಬೇಕು. ಇಲ್ಲದಿದ್ದರೆ ಕಾರು ಎಷ್ಟೇ ಚೆನ್ನಾಗಿರಲಿ, ವಾಪಸ್ ಬನ್ನಿ.

ಮಿಷಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಹಾಕ್ತಾರೆ. ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತೆ ಅಂತ. ಅರಿಜೋನಾ, ಕ್ಯಾಲಿಫೋರ್ನಿಯಾ ಥರದ ಒಣ ಊರಿನ ಕಾರನ್ನು ಮೊದಲು ಹುಡುಕಿ. ಸಾಗಣೆ ಖರ್ಚು ವೆಲ್ಡಿಂಗ್ ಖರ್ಚಿಗಿಂತ ಎಷ್ಟೋ ಕಮ್ಮಿ.

5/7
ಇದೊಂದನ್ನು ಮಾತ್ರ ದಯವಿಟ್ಟು ಸ್ಕಿಪ್ ಮಾಡಬೇಡಿ. ಪೆಟ್ರೋಲ್ ಟ್ಯಾಂಕ್ ಮುಂದೆ, ಎಂಜಿನ್ ನಿಮ್ಮ ಬೆನ್ನ ಹಿಂದೆ. ಪೆಟ್ರೋಲ್ ಪೈಪು ಎರಡೂ ಸೀಟಿನ ನಡುವಿನ ಸುರಂಗದೊಳಗೆ ಹೋಗುತ್ತೆ, ಕಂಪನಿಯಿಂದ ಬಂದಿದ್ದು ಪ್ಲಾಸ್ಟಿಕ್ ಪೈಪು. ಐವತ್ತು ವರ್ಷದ ಪ್ಲಾಸ್ಟಿಕ್ ಕಡ್ಡಿ ಥರ ಮುರಿಯುತ್ತೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಬಿದ್ದರೆ ಏನಾಗುತ್ತೆ ಅಂತ ಹೇಳಬೇಕಾ? ಈ ಕಾರುಗಳು ಸುಟ್ಟು ಹೋಗಿರೋದು ಇದಕ್ಕೇ. "ಪೈಪು ಬದಲಾಯಿಸಿದ್ದೀರಾ, ಯಾವಾಗ, ಬಿಲ್ ಇದೆಯಾ" ಅಂತ ಕೇಳಿ. ಬಿಲ್ ಇಲ್ಲ ಅಂದರೆ ಬದಲಾಗಿಲ್ಲ ಅಂತಲೇ ಲೆಕ್ಕ. ಸ್ಟೀಲ್ ಪೈಪು ಹಾಕಿಸೋವರೆಗೂ ಮನೆಗೆ ಓಡಿಸ್ಕೊಂಡು ಬರಬೇಡಿ, ಲಾರಿಯಲ್ಲಿ ತನ್ನಿ.

ಇನ್ನೊಂದು ಮಾತು. ಚುರುಕಾಗಿ ತಿರುಗೋ ಕಾರು ಹಿಡಿತ ತಪ್ಪಿದಾಗ ಬುಗುರಿ ಥರ ಸುತ್ತೋದೂ ಅಷ್ಟೇ ಬೇಗ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಗಬಕ್ಕನೆ ಬಿಟ್ಟರೆ ಹಿಂಭಾಗ ಜಾರುತ್ತೆ. ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ತಿರುವಿಗೆ ಮುಂಚೆಯೇ ನಿಧಾನ ಮಾಡೋದು ಕಲೀರಿ. ಮಳೆಯಲ್ಲಿ ರೀಲ್ಸ್ ಮಾಡೋಕೆ ಹೋಗಬೇಡಿ.

6/7
ಕಮೆಂಟಲ್ಲಿ ಏನು ಬರುತ್ತೆ ಅಂತ ಗೊತ್ತು. "ಅಗ್ಗದ್ದು ತಗೊಂಡು ನಾವೇ ರಿಪೇರಿ ಮಾಡಿ ಕಲೀತೀವಿ, ಎಂಜಿನಿಯರ್ ಅಲ್ವಾ ನಾವು?" ಈ ಮಾತಿಗೆ ನನ್ನಲ್ಲಿ ಗೌರವ ಇದೆ, ನಾನೂ ಹಾಗೇ ಅಂದುಕೊಂಡಿದ್ದೆ. ಎಂಜಿನ್ ಕೆಲಸ ಪುಸ್ತಕ ನೋಡಿ ಕಲೀಬಹುದು. ಬಾಷ್ ಕಂಪನಿಯ ಹಳೇ ಫ್ಯೂಯೆಲ್ ಇಂಜೆಕ್ಷನ್ ತಲೆ ತಿನ್ನುತ್ತೆ ನಿಜ, ಆದರೂ ಮಲ್ಟಿಮೀಟರ್ ಹಿಡಿದು ಒಂದೊಂದೇ ಸೆನ್ಸರ್ ಚೆಕ್ ಮಾಡ್ತಾ ಹೋದರೆ ದಾರಿ ಸಿಗುತ್ತೆ. ತುಕ್ಕು ಹಾಗಲ್ಲ. ತೊಲೆ ಕತ್ತರಿಸಿ ಹೊಸದು ಕೂರಿಸಬೇಕಂದ್ರೆ ಬಾಡಿಯನ್ನು ಅಳತೆ ತಪ್ಪದ ಹಾಗೆ ಬಿಗಿದು ಹಿಡಿಯೋ ಜಿಗ್ ಬೇಕು, ಒಳ್ಳೇ ವೆಲ್ಡರ್ ಬೇಕು, ತಿಂಗಳುಗಟ್ಟಲೆ ಗ್ಯಾರೇಜ್ ಬಾಡಿಗೆ ಬೇಕು. ಬಾಡಿಗೆ ರೂಮಿನಲ್ಲಿರೋ ನಮ್ಮಂಥವರಿಗೆ ಇದು ಕಲಿಕೆ ಅಲ್ಲ, ಸಾಲ. ಅಂಥ ಎಷ್ಟೋ ಕಾರು ಅರ್ಧಕ್ಕೇ ನಿಂತು, ಬಿಡಿಭಾಗಗಳ ರಟ್ಟಿನ ಡಬ್ಬಗಳ ಸಮೇತ ಮಾರಾಟಕ್ಕೆ ಬರುತ್ತವೆ.

ನನ್ನ ಲೆಕ್ಕ ಇಷ್ಟು: ಕೈಯಲ್ಲಿರೋ ದುಡ್ಡನ್ನು ಮೂರು ಪಾಲು ಮಾಡಿ. ಎರಡು ಪಾಲು ಕಾರಿಗೆ, ಒಂದು ಪಾಲು ಮೊದಲ ವರ್ಷದ ರಿಪೇರಿಗೆ. ಮನೆ ಲೋನ್ ಕಂತು ಈ ಲೆಕ್ಕದ ಹೊರಗೆ ಇರಬೇಕು. ದಿನಾ ಆಫೀಸಿಗೆ ಹೋಗೋಕೆ ಬೇರೆ ಕಾರು ಇರಬೇಕು, ಹಳೇ ಕಾರಿನ ಇನ್ಶೂರೆನ್ಸ್ ಕೊಡೋರೂ ಸಾಮಾನ್ಯವಾಗಿ ಅದನ್ನೇ ಕೇಳ್ತಾರೆ. ಇಷ್ಟಾಗದಿದ್ದರೆ ಇನ್ನೊಂದು ವರ್ಷ ಕಾಯಿರಿ. ಕಾರು ಐವತ್ತು ವರ್ಷ ಕಾದಿದೆ.

7/7
ಕೊನೇ ಫೋಟೋ. 1974ರ 1.8 ಲೀಟರ್, ಅರಿಜೋನಾದಿಂದ ಬಂದಿದ್ದು. 11,000 ಡಾಲರ್, ಅಂದ್ರೆ ಕಿತ್ತಳೆ ಕಾರಿಗಿಂತ 2,500 ಜಾಸ್ತಿ. ಬಿಸಿಲಿಗೆ ಬಣ್ಣ ಸುಣ್ಣದ ಗೋಡೆ ಥರ ಆಗಿದೆ, ಸೀಟು ಹರಿದಿದೆ, ಸ್ಟಾರ್ಟ್ ಕೂಡ ಆಗ್ತಿರಲಿಲ್ಲ. ಆದರೆ ಆಯಸ್ಕಾಂತ ಹಿಡಿದ ಕಡೆಯೆಲ್ಲಾ ಟಪ್ ಅಂತ ಅಂಟಿತು. ಪೆಟ್ರೋಲ್ ಪೈಪು, ಬ್ರೇಕು, ಟೈರಿಗೆ ಇಲ್ಲೀವರೆಗೆ 3,400 ಖರ್ಚಾಗಿದೆ. ತೆಗೆದಿಟ್ಟ ಪಾಲಿನಲ್ಲಿ ಇನ್ನೂ ಉಳಿದಿದೆ. ಹೋದ ಭಾನುವಾರ ಮೊದಲ ಸಲ ಸ್ಟಾರ್ಟ್ ಆಯ್ತು, ಎರಡು ನಿಮಿಷ ಓಡಿ ನಿಂತಿತು. ಮಾವನಿಗೆ ವಿಡಿಯೋ ಕಳಿಸಿದೆ. "ಬಣ್ಣ ಬಳೀಬೇಡ ಈಗ್ಲೇ, ಮೊದ್ಲು ಬ್ರೇಕ್ ಸರಿ ಹಿಡಿತಾವಾ ನೋಡು" ಅಂತ ವಾಯ್ಸ್ ನೋಟ್ ಬಂತು.

ಯಾರಾದರೂ ಕಾರು ನೋಡೋಕೆ ಹೊರಟಿದ್ದರೆ ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ. ದುಡ್ಡು ಕೊಡೋಕೆ ಮುಂಚೆ ಕಾರಿನ ಕೆಳಗಿನ ಫೋಟೋ ನನಗೆ ಕಳಿಸಿ. ಮೇಲಿನ ಫೋಟೋ ಬೇಡ, ಅದು ಎಲ್ಲರದ್ದೂ ಚೆನ್ನಾಗೇ ಇರುತ್ತೆ.

#ಹಳೇಕಾರು #ಪೋರ್ಷೆ914 #ಮೆಕ್ಯಾನಿಕಲ್‌ಬ್ಯಾಚ್ #ತುಕ್ಕುಮೊದಲು